ಬಿಡಾರದ ದಾರಿಯಲ್ಲಿ ಒಂದು ಅಂಗಡಿ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣದ ಪಠ್ಯ)

ಈ ಭಾಷಣಕ್ಕೆ ನಾನು ಆರಿಸಿಕೊಂಡ ವಿಷಯವನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ನಕ್ಕಳು. ಮೂವತ್ತು ವರ್ಷಕ್ಕೂ ಮಿಕ್ಕಿ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿದವರು, ನಿಂಬೆಹಣ್ಣಿನ ಪಾನಕಕ್ಕಿಂತ ಖಾರವಾದದ್ದನ್ನು ನಾಲಿಗೆಗೆ ಸೋಕಿಸದವರು, ಸಾರಾಯಿ ಅಂಗಡಿಯ ಪರವಾನಗಿಯ ಬಗ್ಗೆ ಏನು ಬಲ್ಲಿರಿ ಎಂಬುದು ಆಕೆಯ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಕುಡಿತವನ್ನು ನಾನು ಬಲ್ಲವನಲ್ಲ. ಆದರೆ ಒಂದು ಅಂಗಡಿಯನ್ನು ಬಲ್ಲೆ. ಅದು ಮುಚ್ಚಿಹೋದುದರಲ್ಲಿ ನನ್ನ ಕೈಬರಹದ ಪಾಲೂ ಇತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಊರಿನ ಮದ್ಯದಂಗಡಿಯ ಮಾತು ಬೇರೆ. ಊರಿನಲ್ಲಿ ಅಂಗಡಿ ಇದ್ದರೆ ಅದರ ಎದುರಿಗೆ ದೇವಸ್ಥಾನ ಇರುತ್ತದೆ, ಪಕ್ಕದಲ್ಲಿ ಕಾಫಿಯ ಹೋಟೆಲು ಇರುತ್ತದೆ, ಸಿನಿಮಾ ಮಂದಿರ ಇರುತ್ತದೆ; ಎಲ್ಲಕ್ಕಿಂತ ಮಿಗಿಲಾಗಿ ಕುಡಿದವನಿಗೆ ಮರಳಿ ಹೋಗಲು ಒಂದು ಮನೆ ಇರುತ್ತದೆ. ರಾಜರತ್ನಂ ಅವರ ರತ್ನ ಎಷ್ಟೇ ಹೆಂಡ ಕುಡಿದರೂ ಅವನಿಗೊಬ್ಬಳು ಪುಟ್ನಂಜಿ ಇದ್ದಳು. ಕಾಡಿನ ನಡುವೆ ಅಣೆಕಟ್ಟು ಕಟ್ಟುವವನಿಗೆ, ಗಣಿ ಅಗೆಯುವವನಿಗೆ, ಘಟ್ಟದ ಮೇಲಣ ತೋಟದ ಲೈನುಗಳಲ್ಲಿ ಇರುವವನಿಗೆ ಈ ಯಾವ ಆಯ್ಕೆಯೂ ಇಲ್ಲ. ಅಲ್ಲಿ ಸಂಜೆ ಏಳಾದ ಮೇಲೆ ದೀಪ ಉರಿಯುವ ತಾಣ ಒಂದೇ. ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾದುದು. ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋದ ಕಥೆಯನ್ನು ಓದಿದವರಿಗೆ ಸಾಲ, ಕೂಲಿ, ಹೆಂಡ ಈ ಮೂರೂ ಒಂದೇ ಹಗ್ಗದ ಎಳೆಗಳೆಂಬುದನ್ನು ವಿವರಿಸಬೇಕಾಗಿಲ್ಲ. ಇಂಥ ಕಡೆ ಅಂಗಡಿಗೆ ಪರವಾನಗಿ ಕೊಡುವ ಅಧಿಕಾರಿ ಕೇವಲ ಒಂದು ವ್ಯಾಪಾರಕ್ಕೆ ಒಪ್ಪಿಗೆ ಕೊಡುತ್ತಿರುವುದಿಲ್ಲ. ಸಾವಿರಾರು ಜನರ ಸಂಜೆಗಳನ್ನು ಗೊತ್ತುಮಾಡುತ್ತಿರುತ್ತಾನೆ.

ಇದು ಹೊಸ ಸಮಸ್ಯೆಯೆಂದು ನಾವು ಭಾವಿಸಬಾರದು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಇಡೀ ಅಧ್ಯಾಯ ಮೀಸಲಾಗಿದೆ. ಸುರೆಯ ವ್ಯವಹಾರವನ್ನು ಅವನು ದುರ್ಗದಲ್ಲಿ, ಜನಪದದಲ್ಲಿ, ಸ್ಕಂಧಾವಾರದಲ್ಲಿ ನಡೆಸಬೇಕೆಂಬುದು ಆರಂಭದ ಮಾತು. ಸ್ಕಂಧಾವಾರವೆಂದರೆ ಪಾಳೆಯ, ಬಿಡಾರ. ಅಂದರೆ ಮನೆಮಠ ಬಿಟ್ಟುಬಂದ ಗಂಡಸರ ತಾತ್ಕಾಲಿಕ ವಸತಿ. ಕೋಟೆಯ ಊರಿಗೂ ಹಳ್ಳಿಗಾಡಿಗೂ ಸರಿಸಮನಾಗಿ ಬಿಡಾರವನ್ನು ಹೆಸರಿಸಿದ ಆ ಗ್ರಂಥಕಾರನ ದೃಷ್ಟಿ ಎಷ್ಟು ಸೂಕ್ಷ್ಮವಾದುದು! ಅಂಗಡಿಗಳು ಒಂದಕ್ಕೊಂದು ಒತ್ತಾಗಿರಬಾರದು, ಸುರೆ ಗ್ರಾಮದಿಂದ ಆಚೆಗೆ ಹೋಗಬಾರದು ಎಂದು ಅವನು ವಿಧಿಸುತ್ತಾನೆ. ಅದಕ್ಕೆ ಅವನು ಕೊಡುವ ಕಾರಣಗಳಲ್ಲಿ ಮೊದಲನೆಯದು ಧರ್ಮವಲ್ಲ, ಪಾಪವಲ್ಲ. ಕೆಲಸಕ್ಕೆ ನೇಮಿಸಲ್ಪಟ್ಟವರು ಎಚ್ಚರ ತಪ್ಪಿ ಕೆಲಸ ಕೆಡಿಸಿಯಾರು ಎಂಬ ಭಯ. ಪಾನಗೃಹದಲ್ಲಿ ಬೇರೆ ಬೇರೆ ಕೋಣೆಗಳಿರಬೇಕು, ಆಸನ ಶಯನಗಳಿರಬೇಕು, ಗಂಧ ಮಾಲೆ ನೀರು ಇರಬೇಕು, ಆಯಾ ಋತುವಿಗೆ ಹಿತವಾಗಿರಬೇಕು ಎಂದೂ ಅವನೇ ಹೇಳುತ್ತಾನೆ. ಅದರೊಡನೆ ಗೂಢಚಾರರೂ ಇರಬೇಕು, ಅದು ಬೇರೆ ಮಾತು.

ಆದರೆ ಅದೇ ಅಧ್ಯಾಯದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಇನ್ನೊಂದು ವಿಧಿ ಇದೆ. ಕೆಟ್ಟುಹೋದ ಸುರೆಯನ್ನು ಏನು ಮಾಡಬೇಕು? ಬೇರೆ ಕಡೆ ಮಾರಿಸಬೇಕು. ಇಲ್ಲವೆ ದಾಸರಿಗೂ ಕೂಲಿಗಳಿಗೂ ವೇತನವಾಗಿ ಕೊಡಬೇಕು. ಇಲ್ಲವೆ ಬಂಡಿಯ ಎತ್ತುಗಳಿಗೆ ಕುಡಿಸಬೇಕು, ಹಂದಿಗಳಿಗೆ ಹಾಕಬೇಕು. ಕೂಲಿಕಾರ ಆ ಪಟ್ಟಿಯಲ್ಲಿ ಎತ್ತು ಹಂದಿಗಳ ನೆರೆಯಲ್ಲಿ ನಿಂತಿದ್ದಾನೆ. ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಉಂಟು. ಆದರೆ ಆ ಪಟ್ಟಿಯ ಕ್ರಮದ ಬಗ್ಗೆ, ಬಿಡಾರಗಳನ್ನು ಕಂಡ ಯಾರಿಗೂ ಸಂದೇಹ ಬರಲಾರದು.

ಈ ಗ್ರಂಥವನ್ನು ಲೋಕಕ್ಕೆ ಮರಳಿ ದೊರಕಿಸಿಕೊಟ್ಟವರು ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಮೂಲ 1909ರಲ್ಲಿ ಅಚ್ಚಾಯಿತು, ಇಂಗ್ಲಿಷ್ ಅನುವಾದ 1915ರಲ್ಲಿ ಪುಸ್ತಕವಾಗಿ ಹೊರಬಂದಿತು. ಕಾಕತಾಳೀಯವೆಂದರೆ, ಅದೇ 1915ರಲ್ಲಿ ಬ್ರಿಟನ್ ದೇಶ ತನ್ನದೊಂದು ದೊಡ್ಡ ಸ್ಕಂಧಾವಾರವನ್ನು ಕಟ್ಟಲು ತೊಡಗಿತ್ತು. ಮರುವರ್ಷವೇ ತನ್ನ ಸುರಾಧ್ಯಕ್ಷನನ್ನೂ ಅಲ್ಲಿಗೆ ಕಳುಹಿಸಬೇಕಾಯಿತು.

ಅದು ಮೊದಲನೆಯ ಮಹಾಯುದ್ಧದ ಕಾಲ. ಫಿರಂಗಿಗಳಿಗೆ ಗುಂಡು ಮದ್ದು ಸಾಲದೆ ಸರ್ಕಾರವೇ ಅಲುಗಾಡಿತು. ಲಾಯ್ಡ್ ಜಾರ್ಜ್ ಯುದ್ಧಸಾಮಗ್ರಿ ಸಚಿವನಾದ. ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಗಡಿಯಾದ ಗ್ರೆಟ್ನಾ ಎಂಬಲ್ಲಿ, ಸಾಲ್ವೇ ಕೊಲ್ಲಿಯ ದಂಡೆಯ ನಿರ್ಜನ ಬಯಲಿನಲ್ಲಿ, ಮೈಲಿಗಟ್ಟಲೆ ಉದ್ದದ ಕಾರ್ಡೈಟ್ ಕಾರ್ಖಾನೆಯನ್ನು ಕಟ್ಟಲು ನಿಶ್ಚಯಿಸಿದರು. ಕಾರ್ಡೈಟ್ ಎಂದರೆ ಫಿರಂಗಿಯ ಗುಂಡನ್ನು ಚಿಮ್ಮಿಸುವ ಮದ್ದು. ನೈಟ್ರೋಗ್ಲಿಸರಿನ್ನನ್ನೂ ಗನ್‌ಕಾಟನ್ ಎಂಬ ಸಿಡಿಹತ್ತಿಯನ್ನೂ ಕಣಕದಂತೆ ಕಲಸುವ ಕೆಲಸ. ಕಲಸಿದವರು ಹೆಂಗಸರು, 11,000ಕ್ಕೂ ಹೆಚ್ಚು ಹೆಂಗಸರು. 1916ರಲ್ಲಿ ಅಲ್ಲಿಗೆ ಹೋಗಿಬಂದ ಆರ್ಥರ್ ಕಾನನ್ ಡಾಯ್ಲ್ ಆ ಕಣಕವನ್ನು ಸೈತಾನನ ಗಂಜಿ ಎಂದು ಕರೆದ. ಷರ್ಲಾಕ್ ಹೋಮ್ಸನ ಸೃಷ್ಟಿಕರ್ತನೇ ಆತ. ಆ ಹೆಸರಿನದೇ ಒಂದು ವಸ್ತುಸಂಗ್ರಹಾಲಯ ಈಗ ಅಲ್ಲಿದೆ.

ಕಾರ್ಖಾನೆ ಕೆಲಸ ಆರಂಭಿಸುವುದಕ್ಕೆ ಮೊದಲು ಅದನ್ನು ಕಟ್ಟಬೇಕಷ್ಟೆ. ಅದಕ್ಕಾಗಿ ಸಾವಿರಾರು ಮಂದಿ ಮಣ್ಣು ಕೆಲಸದವರು ಬಂದು ಮರದ ಗುಡಿಸಲುಗಳಲ್ಲಿ ನೆಲಸಿದರು. ಅವರಲ್ಲಿ ಬಹುಮಂದಿ ಐರಿಷರು. ಕೈಯಲ್ಲಿ ಹಿಂದೆಂದೂ ಕಾಣದಷ್ಟು ಕೂಲಿ. ಬಿಡಾರದಲ್ಲಿ ಅದನ್ನು ವೆಚ್ಚಮಾಡುವ ದಾರಿಯಿಲ್ಲ. ಶನಿವಾರ ಬಂದರೆ ರೈಲು ಹತ್ತಿ ಹತ್ತು ಮೈಲಿ ದೂರದ ಕಾರ್ಲೈಲ್ ಪಟ್ಟಣಕ್ಕೆ ಹೊರಡುತ್ತಿದ್ದರು. ರೈಲು ಬರುವ ವೇಳೆಗೆ ಸರಿಯಾಗಿ ನಿಲ್ದಾಣದ ಹತ್ತಿರದ ಅಂಗಡಿಯವರು ನೂರಾರು ಲೋಟಗಳಲ್ಲಿ ವಿಸ್ಕಿ ಸುರಿದು ಸಾಲಾಗಿ ಜೋಡಿಸಿಡುತ್ತಿದ್ದರಂತೆ. ರಾತ್ರಿ ಆ ಪಟ್ಟಣದ ಬೀದಿಗಳ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಮರುದಿನ ಮತ್ತು ಕಳೆಯದೆ ಕೆಲಸಕ್ಕೆ ಹೋಗುವವರು ಹೋಗುವುದು ಸಿಡಿಮದ್ದಿನ ಕಾರ್ಖಾನೆಗೆ!

ಈ ಪರಿಸ್ಥಿತಿಯಲ್ಲಿ ಮೂರು ದಾರಿಗಳಿದ್ದವು. ಮೊದಲನೆಯದು ಏನನ್ನೂ ಮಾಡದಿರುವುದು. ಎರಡನೆಯದು ಸಂಪೂರ್ಣ ಪಾನನಿಷೇಧ. ಅದನ್ನು ಕೇಳುವವರು ಆ ದೇಶದಲ್ಲಿಯೂ ಬೇಕಾದಷ್ಟು ಮಂದಿ ಇದ್ದರು, ಐದನೆಯ ಜಾರ್ಜ್ ದೊರೆ ತಾನೇ ಯುದ್ಧ ಮುಗಿಯುವವರೆಗೆ ಕುಡಿಯುವುದಿಲ್ಲವೆಂದು 1915ರಲ್ಲಿ ಸಂಕಲ್ಪ ತೊಟ್ಟಿದ್ದ. ಅವರು ಹಿಡಿದದ್ದು ಮೂರನೆಯದನ್ನು. ಲಾರ್ಡ್ ಡ್ಯಾಬರ್ನನ್ ಎಂಬಾತನ ಅಧ್ಯಕ್ಷತೆಯ ಮದ್ಯ ನಿಯಂತ್ರಣ ಮಂಡಳಿ 1916ರಲ್ಲಿ ಗ್ರೆಟ್ನಾ ಹಾಗೂ ಕಾರ್ಲೈಲ್ ಸೀಮೆಯ ಮದ್ಯದಂಗಡಿಗಳನ್ನೂ ಬಿಯರ್ ಭಟ್ಟಿಗಳನ್ನೂ ಕೊಂಡುಕೊಂಡು ಸರ್ಕಾರದ ವಶಕ್ಕೆ ತಂದಿತು. ಅಂಗಡಿಗಳಲ್ಲಿ ಅನೇಕವನ್ನು ಮುಚ್ಚಿಸಿದರು. ಉಳಿದವನ್ನು ಹೇಗೆ ನಡೆಸಿದರು ಎಂಬುದರಲ್ಲಿಯೇ ಸ್ವಾರಸ್ಯವಿರುವುದು.

ಅಂಗಡಿಯ ಮೇಲ್ವಿಚಾರಕನಿಗೆ ನಿಶ್ಚಿತ ಸಂಬಳ. ಹೆಚ್ಚು ಮದ್ಯ ಮಾರಿದರೆ ಅವನಿಗೆ ಒಂದು ಬಿಡಿಕಾಸೂ ಹೆಚ್ಚಿಗೆ ಸಿಕ್ಕುವುದಿಲ್ಲ. ಊಟ ತಿಂಡಿ ಮಾರಿದರೆ ಮಾತ್ರ ದಳ್ಳಾಳಿ ಉಂಟು. ಆದ್ದರಿಂದ ಅವನ ಹಿತವೆಲ್ಲ ಗಿರಾಕಿಯ ಹೊಟ್ಟೆಗೆ ಅನ್ನ ಬೀಳುವುದರಲ್ಲಿ, ಗಂಟಲಿಗೆ ವಿಸ್ಕಿ ಇಳಿಯುವುದರಲ್ಲಲ್ಲ. ಸಾಲಕ್ಕೆ ಕೊಡಕೂಡದು. ಒಬ್ಬನು ಇನ್ನೊಬ್ಬನಿಗೆ ಕೊಡಿಸಕೂಡದು. ಒಬ್ಬ ಕೊಡಿಸಿದರೆ ಆ ಋಣ ತೀರಿಸಲು ಹತ್ತು ಮಂದಿಯ ಕೂಟದಲ್ಲಿ ಹತ್ತು ಸುತ್ತು ಆಗುತ್ತದೆ ಎಂಬುದನ್ನು ಕಂಡವರು ಮಾಡಿದ ನಿಯಮವಿದು. ಜಾಹೀರಾತು ಕೂಡದು. ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಮುಚ್ಚಬೇಕು. ಈ ಮಧ್ಯಾಹ್ನದ ಬಿಡುವು ಇಂಗ್ಲೆಂಡಿನಲ್ಲಿ ಯುದ್ಧ ಮುಗಿದ ಮೇಲೂ 1988ರವರೆಗೆ ಉಳಿದುಬಂದಿತು. ಎಲ್ಲಕ್ಕಿಂತ ಮುಖ್ಯವಾಗಿ, ಶನಿವಾರ, ಕೂಲಿಯ ಹಣ ಜೇಬಿನಲ್ಲಿ ಬಿಸಿಯಾಗಿರುವ ದಿನ, ವಿಸ್ಕಿಯಂಥ ಕಟು ಮದ್ಯಗಳ ಮಾರಾಟವನ್ನೇ ನಿಲ್ಲಿಸಿದರು. ಬಿಯರು ಮಾತ್ರ ಸಿಕ್ಕುತ್ತಿತ್ತು. ಹಳೆಯ ಅಂಚೆ ಕಚೇರಿಯೊಂದನ್ನು ‘ಗ್ರೆಟ್ನಾ ಟ್ಯಾವರ್ನ್’ ಎಂಬ ಹೆಸರಿನ ಊಟದ ಮನೆಯಾಗಿ ಮಾರ್ಪಡಿಸಿದರು. ಬೆಳಕು, ಕುರ್ಚಿ, ಬಿಸಿ ಊಟ ಎಲ್ಲ ಅಲ್ಲಿದ್ದವು. ಗಂಧ ಮಾಲೆಗಳಿರಲಿಲ್ಲ, ಉಳಿದಂತೆ ಕೌಟಿಲ್ಯ ಮೆಚ್ಚಬಹುದಾಗಿತ್ತು.

ಫಲವೇನಾಯಿತು? ಕುಡಿತ ನಿಂತಿತೆಂದು ಯಾರೂ ಹೇಳುವುದಿಲ್ಲ. ಆದರೆ 1916ರಲ್ಲಿ ಏರಿಹೋಗಿದ್ದ ಕುಡುಕತನದ ಮೊಕದ್ದಮೆಗಳು ಯುದ್ಧ ಮುಗಿಯುವ ವೇಳೆಗೆ ಬಹುವಾಗಿ ಇಳಿದವು. ಇದರಲ್ಲಿ ಯೋಜನೆಯ ಪಾಲೆಷ್ಟು, ಕಟ್ಟಡದ ಕೆಲಸ ಮುಗಿದು ಮಣ್ಣಿನವರು ಚೆದುರಿಹೋದುದರ ಪಾಲೆಷ್ಟು ಎಂದು ಕೇಳುವವರಿದ್ದಾರೆ, ಕೇಳತಕ್ಕದ್ದೇ. ಯುದ್ಧಕಾಲದ ಈ ತಾತ್ಕಾಲಿಕ ಏರ್ಪಾಡು ಸುಮಾರು ಐವತ್ತೈದು ವರ್ಷ ಬಾಳಿತೆಂಬುದೂ, ಲಾಭವನ್ನೇ ಗುರಿಯಾಗಿ ಇಟ್ಟುಕೊಳ್ಳದಿದ್ದರೂ ಬೊಕ್ಕಸಕ್ಕೆ ಲಾಭ ತಂದಿತೆಂಬುದೂ ನಿಜ. 1971ರಲ್ಲಿ ಅದನ್ನು ರದ್ದುಗೊಳಿಸುವ ಕಾಯಿದೆಯಾಗಿ, 1973ರ ಹೊತ್ತಿಗೆ ಅಂಗಡಿಗಳೆಲ್ಲ ಖಾಸಗಿಯವರ ಕೈ ಸೇರಿದವು.

ಇದರ ತದ್ವಿರುದ್ಧ ಚಿತ್ರವನ್ನು ಕಾಣಬೇಕಾದರೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಕಡೆಗೆ ನೋಡಬೇಕು. 1886ರಲ್ಲಿ ಟ್ರಾನ್ಸ್‌ವಾಲಿನಲ್ಲಿ ಚಿನ್ನ ಕಂಡಾಗ ಗಣಿಯ ಒಡೆಯರು ಮದ್ಯವನ್ನು ಸ್ವಾಗತಿಸಿದರು. ಕಾರಣ ಸರಳ. ದೂರದ ಹಳ್ಳಿಗಳಿಂದ ಬಂದ ಕಪ್ಪು ಕೂಲಿಗಾರ ಹಣ ಕೂಡಿಸಿಕೊಂಡರೆ ಊರಿಗೆ ಹಿಂದಿರುಗುತ್ತಾನೆ. ಕುಡಿದು ಕಳೆದರೆ ಮತ್ತೆ ಗಣಿಗೆ ಇಳಿಯಲೇಬೇಕು. ಕೆಲವು ವರ್ಷಗಳಲ್ಲಿ ಲೆಕ್ಕ ತಲೆಕೆಳಗಾಯಿತು. ದಿನವೂ ಅಸಂಖ್ಯ ಮಂದಿ ಕೆಲಸಕ್ಕೆ ಏಳಲಾರದವರಾದರು. ಆಗ ಅದೇ ಒಡೆಯರು ಪಾನನಿಷೇಧದ ಪ್ರತಿಪಾದಕರಾದರು. 1897ರಿಂದ ಆಫ್ರಿಕನ್ನರಿಗೆ ಮದ್ಯ ಮಾರುವುದೇ ಅಪರಾಧವಾಯಿತು. ಬಿಳಿಯರಿಗೆ ಅಲ್ಲ, ಗಮನಿಸಬೇಕು. ಕಾನೂನು ಬಂದಿತು, ಕಳ್ಳವ್ಯಾಪಾರದ ಕೂಟಗಳು ಜೊಹಾನ್ಸ್‌ಬರ್ಗಿನಲ್ಲಿ ಕೊಬ್ಬಿದವು. ನಮ್ಮ ಮೋಹನದಾಸ ಗಾಂಧಿಯವರು ಆ ದಿನಗಳಲ್ಲಿ ಅದೇ ದಕ್ಷಿಣ ಆಫ್ರಿಕದಲ್ಲಿ ಇದ್ದರು. ಒಡೆಯನ ಹಿತಕ್ಕಾಗಿ ತೆರೆದ ಅಂಗಡಿಯೂ ಒಡೆಯನ ಹಿತಕ್ಕಾಗಿಯೇ ಮುಚ್ಚಿತು. ಅಂಗಡಿಗೆ ಹೋಗುವವನನ್ನು ಎರಡು ಸಲವೂ ಯಾರೂ ಕೇಳಲಿಲ್ಲ.

ಇನ್ನು ನನ್ನ ಅಂಗಡಿಯ ಮಾತು.

1984ರಲ್ಲಿ, ಎಂ.ಎ. ಮುಗಿಸಿದ ಹೊಸತರಲ್ಲಿ, ಪಶ್ಚಿಮ ಘಟ್ಟದ ಒಂದು ಅಣೆಕಟ್ಟಿನ ಕಾಲೊನಿಯ ಜೂನಿಯರ್ ಕಾಲೇಜಿಗೆ ನಾನು ಕನ್ನಡ ಉಪನ್ಯಾಸಕನಾಗಿ ಹೋದೆ. ಗುಡ್ಡದ ಮೇಲೆ ಇಂಜಿನಿಯರುಗಳ ಬಂಗಲೆಗಳು, ಅದರ ಕೆಳಗೆ ನಮ್ಮಂಥವರ ಕ್ವಾರ್ಟರ್ಸುಗಳು, ತೀರ ಕೆಳಗೆ ನದಿಯ ಪಾತ್ರದ ಬಳಿ ತಗಡಿನ ಷೆಡ್ಡುಗಳ ಸಾಲುಗಳು. ಷೆಡ್ಡುಗಳಲ್ಲಿ ತಮಿಳರು, ತೆಲುಗರು, ಬಿಜಾಪುರದ ಕಡೆಯವರು. ಅತಿ ಸಮೀಪದ ಪೇಟೆ ಇಪ್ಪತ್ತೆಂಟು ಮೈಲಿ. ಹದಿನೈದು ದಿನಕ್ಕೊಮ್ಮೆ ಶನಿವಾರ ಬಟವಾಡೆ. ಗುತ್ತಿಗೆದಾರರ ಕಚೇರಿಯ ಕಿಟಕಿಯಲ್ಲಿ ಹೆಬ್ಬೆಟ್ಟು ಒತ್ತಿ ಹಣ ಎಣಿಸಿಕೊಂಡು ಷೆಡ್ಡಿಗೆ ಇಳಿಯುವ ದಾರಿ ಒಂದೇ. ಆ ದಾರಿಯ ತಿರುವಿನಲ್ಲಿ ಸಾರಾಯಿ ಅಂಗಡಿ. ಕಳ್ಳ ಅಂಗಡಿಯಲ್ಲ. ತಾಲ್ಲೂಕಿನ ಸಾರಾಯಿ ಹಕ್ಕನ್ನು ಹರಾಜಿನಲ್ಲಿ ಹಿಡಿದ ಕಂಟ್ರಾಕ್ಟುದಾರ ಸರ್ಕಾರಕ್ಕೆ ಹಣ ಕಟ್ಟಿ ಸಕ್ರಮವಾಗಿ ತೆರೆದ ಅಂಗಡಿ. ಹರಾಜಿನಲ್ಲಿ ಹೆಚ್ಚು ಕೂಗಿದವನು ಹೆಚ್ಚು ಮಾರದೆ ಗತ್ಯಂತರವಿಲ್ಲ. ಕಾರ್ಲೈಲಿನ ಮೇಲ್ವಿಚಾರಕನ ಹಿತ ಎಲ್ಲಿತ್ತು, ಈತನ ಹಿತ ಎಲ್ಲಿತ್ತು ಎಂಬುದನ್ನು ನೀವೇ ತೂಗಿನೋಡಬಹುದು.

ಇಂಗ್ಲೆಂಡಿನಲ್ಲಿ ಪಬ್ಬುಗಳೊಳಗೆ ಕೂಲಿ ಹಂಚುವುದನ್ನು 1883ರಷ್ಟು ಹಿಂದೆಯೇ ಕಾಯಿದೆ ಮಾಡಿ ನಿಷೇಧಿಸಿದ್ದರು. ನಮ್ಮ ಅಬಕಾರಿ ನಿಯಮಗಳು ದೇವಸ್ಥಾನ, ಶಾಲೆ, ಆಸ್ಪತ್ರೆಗಳಿಂದ ಅಂಗಡಿಗೆ 100 ಮೀಟರ್ ಅಂತರವಿರಬೇಕೆಂದು ಅಳೆಯುತ್ತವೆ. ಕೂಲಿ ಎಣಿಸುವ ಕಿಟಕಿಯಿಂದ ಅಳೆದದ್ದನ್ನು ನಾನು ಕಂಡಿಲ್ಲ.

1985ರ ಏಪ್ರಿಲಿನಲ್ಲಿ ಒಂದು ಸಂಜೆ ಬಿಜಾಪುರದ ಕಡೆಯ ಏಳೆಂಟು ಹೆಂಗಸರು ನನ್ನ ಕ್ವಾರ್ಟರ್ಸಿನ ಮುಂದೆ ಬಂದು ನಿಂತರು. ಅವರಲ್ಲಿ ಒಬ್ಬಾಕೆಯ ಮಗ ನಮ್ಮ ಕಾಲೇಜಿನ ಜವಾನನಾಗಿದ್ದ; ಆ ಸಲುಗೆಯಿಂದ ಬಂದಿದ್ದರು. ಜಿಲ್ಲಾಧಿಕಾರಿಗಳಿಗೆ ಒಂದು ಅರ್ಜಿ ಬರೆದುಕೊಡಬೇಕೆಂದು ಕೇಳಿದರು. ನಾನು ಕಾಗದ ತೆಗೆದುಕೊಂಡು, ಏನೆಂದು ಬರೆಯಲಿ ಎಂದೆ. ಆ ಹಿರಿಯ ಹೆಂಗಸಿನ ಮಾತು ನನಗೆ ಇಂದಿಗೂ ಅಕ್ಷರಶಃ ನೆನಪಿದೆ: ‘ಬಟವಾಡೆ ದಿನಾ ಅಷ್ಟು ಬಾಗಲಾ ಹಾಕಸ್ರಿ ಸರ. ಉಳದ ದಿನಾ ಕುಡದ್ರ ಕುಡೀಲಿ, ರೊಕ್ಕಾನ ಇರೂದಿಲ್ಲ. ಮತ್ತ ಅಂಗಡೀನ ಹಳ್ಳದ ಆಚಿ ದಂಡಿಗೆ ಹಾಕಸ್ರಿ. ಅಲ್ಲೀತನಕಾ ಹೋಗೂದ್ರಾಗ ನಮ್ಮ ಷೆಡ್ಡು ಮೊದಲ ಬರತೈತಿ, ರೊಕ್ಕ ಕಸಗೋತೀವಿ.’

ಇಷ್ಟೇ ಅವರ ಬೇಡಿಕೆ. ಲಾರ್ಡ್ ಡ್ಯಾಬರ್ನನ್ನನ ಮಂಡಳಿ ಬಹಳ ವಿಚಾರಣೆ ನಡೆಸಿ ಕಂಡುಕೊಂಡ ಸತ್ಯದ ಅರ್ಧಭಾಗ ಈ ನಾಲ್ಕು ವಾಕ್ಯಗಳಲ್ಲಿತ್ತೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಪುಸ್ತಕ ಓದಿ. ಅಂದು ನನಗೆ ಇಪ್ಪತ್ತಾರು ವಯಸ್ಸು. ಗಾಂಧಿಯವರನ್ನು ಓದಿದ್ದೆ, ಸಂವಿಧಾನದ 47ನೆಯ ಅನುಚ್ಛೇದವನ್ನು ಬಲ್ಲೆ, ಭಾಷೆಯ ಮೇಲೆ ಹಿಡಿತವಿದೆಯೆಂಬ ಹಮ್ಮು ಬೇರೆ. ಬಟವಾಡೆಯ ದಿನ ಬಾಗಿಲು ಹಾಕುವುದು, ಹಳ್ಳದ ಆಚೆಗೆ ಸರಿಸುವುದು, ಇಂಥ ಚಿಲ್ಲರೆ ಮಾತುಗಳಿಂದ ಅರ್ಜಿಗೆ ಗಾಂಭೀರ್ಯ ಬರಲಾರದು ಎನಿಸಿತು. ರಾತ್ರಿ ಹನ್ನೊಂದರವರೆಗೆ ಕುಳಿತು ಮೂರು ಪುಟ ಬರೆದೆ. ಶ್ರಮಜೀವಿಗಳ ಬೆವರು, ಮಾತೆಯರ ಕಣ್ಣೀರು, ರಾಷ್ಟ್ರಪಿತನ ಕನಸು, ಯಾವುದನ್ನೂ ಬಿಡಲಿಲ್ಲ. ಕೊನೆಯಲ್ಲಿ, ಸದರಿ ಅಂಗಡಿಯ ಪರವಾನಗಿಯನ್ನು ಮುಂದಿನ ಅಬಕಾರಿ ವರ್ಷದಿಂದ ಶಾಶ್ವತವಾಗಿ ರದ್ದುಗೊಳಿಸಬೇಕಾಗಿ ಪ್ರಾರ್ಥಿಸಿದೆ. ಮರುದಿನ ಓದಿ ಹೇಳಿದೆ. ಹೆಂಗಸರು ಸುಮ್ಮನೆ ಕೇಳಿದರು, ಹೆಬ್ಬೆಟ್ಟು ಒತ್ತಿದರು. ನನ್ನ ಕನ್ನಡ ಅವರಿಗೆ ಎಷ್ಟು ತಿಳಿಯಿತೋ ನಾನು ವಿಚಾರಿಸಲಿಲ್ಲ.

ಗುಡ್ಡದ ಮೇಲೆ ಅಧಿಕಾರಿಗಳ ಕ್ಲಬ್ಬು ಒಂದಿತ್ತು. ಅದಕ್ಕೂ ಪರವಾನಗಿ ಉಂಟು; ಅದು ಬೇರೆ ನಮೂನೆಯ ಪರವಾನಗಿ. ಅಲ್ಲಿಯೂ ತಿಂಗಳ ಮೊದಲ ದಿನಗಳಲ್ಲಿ ಗಲಾಟೆ ಹೆಚ್ಚೇ ಇರುತ್ತಿತ್ತು. ಇಸ್ಪೀಟು ಆಡಲು ನಾನೂ ಅಲ್ಲಿಗೆ ಹೋಗುತ್ತಿದ್ದೆ, ಪಾನಕ ಕುಡಿಯುತ್ತಿದ್ದೆನೆನ್ನಿ. ನನ್ನ ಅರ್ಜಿಯನ್ನು ಅಲ್ಲಿ ಗಟ್ಟಿಯಾಗಿ ಓದಿ ಮೆಚ್ಚಿದರು. ಕೈಯಲ್ಲಿ ಲೋಟ ಹಿಡಿದುಕೊಂಡೇ ಮೆಚ್ಚಿದರು. ಆ ಕ್ಲಬ್ಬಿನ ವಿಷಯವಾಗಿ ಅರ್ಜಿ ಬರೆಯಬೇಕೆಂದು ನನಗಾಗಲಿ ಬೇರೆಯವರಿಗಾಗಲಿ ತೋಚಲೇ ಇಲ್ಲ.

ಅರ್ಜಿ ಫಲಿಸಿತು. ನನ್ನ ಗದ್ಯದ ಬಲದಿಂದಲೋ, ಅಣೆಕಟ್ಟಿನ ಕೆಲಸ ಹಿಂದೆ ಬೀಳುತ್ತಿದೆಯೆಂದು ಇಂಜಿನಿಯರುಗಳು ತಾವೂ ಒಂದು ಪತ್ರ ಬರೆದುದರಿಂದಲೋ, ಜುಲೈ 1ರಿಂದ ಹೊಸ ಅಬಕಾರಿ ವರ್ಷ ಆರಂಭವಾದಾಗ ಆ ಅಂಗಡಿ ತೆರೆಯಲಿಲ್ಲ. ಹೆಂಗಸರು ನನಗೆ ಜೋಳದ ರೊಟ್ಟಿ, ಎಣ್ಣೆಗಾಯಿ ತಂದುಕೊಟ್ಟರು. ಎರಡು ಬಟವಾಡೆಗಳು ಶಾಂತವಾಗಿ ಕಳೆದವು.

ಆಗಸ್ಟ್ ತಿಂಗಳು. ಘಟ್ಟದ ಮಳೆ; ಕೆಲಸ ನಿಂತಿದೆ; ತಗಡಿನ ಕೆಳಗೆ ದಿನವಿಡೀ ಕುಳಿತ ಗಂಡಸರು. ಕಾಡಿನಲ್ಲಿ ಬೆಲ್ಲ ಕೊಳೆಹಾಕಿ ಕಳ್ಳಭಟ್ಟಿ ಇಳಿಸುವುದು ಆಗಲೇ ಶುರುವಾಗಿತ್ತಂತೆ. ನಮಗೆ ಮೇಲಿನವರಿಗೆ ತಿಳಿದಿರಲಿಲ್ಲ. ಅದೂ ಸಾಲದೆ ಬಂದಾಗ ಯಾರೋ ಲಾರಿಯಲ್ಲಿ ಡಬ್ಬಗಳಲ್ಲಿ ಸ್ಪಿರಿಟ್ಟು ತಂದರು. ಒಂದು ರಾತ್ರಿ ಹನ್ನೆರಡರ ಸುಮಾರಿಗೆ ಕಾಲೊನಿಯ ಆಸ್ಪತ್ರೆಗೆ ಮೂವರನ್ನು ಹೊತ್ತು ತಂದರು. ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದರು. ಒಬ್ಬ, ಇನ್ನೂ ಮೀಸೆ ಚಿಗುರದ ಹುಡುಗ, ದೀಪ ಹಚ್ಚಿರಿ ದೀಪ ಹಚ್ಚಿರಿ ಎಂದು ಕೂಗುತ್ತಿದ್ದ. ದೀಪ ಉರಿಯುತ್ತಲೇ ಇತ್ತು.

ವೈದ್ಯರು ನನ್ನ ಸ್ನೇಹಿತರು, ಬೆಂಗಳೂರಿನಲ್ಲಿ ಓದಿದವರು. 1981ರಲ್ಲಿ ಬೆಂಗಳೂರು ಮೈಸೂರುಗಳ ಕಳ್ಳಸಾರಾಯಿ ದುರಂತದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ಹತ್ತಿರದಿಂದ ಕಂಡಿದ್ದರು. ನೋಡಿದೊಡನೆಯೇ ಮೆಥನಾಲ್ ಎಂದರು. ಆ ವಿಷ ನೇರವಾಗಿ ಕೊಲ್ಲುವುದಿಲ್ಲವಂತೆ. ಮೈಯೊಳಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ರಕ್ತವನ್ನು ಹುಳಿಮಾಡಿ ಕಣ್ಣಿನ ನರವನ್ನು ಸುಡುತ್ತದಂತೆ. ಆ ಮಾರ್ಪಾಡನ್ನು ತಡೆಯಲು ಅಂದು ಕೈಗೆಟಕುವ ಮದ್ದು ಒಂದೇ. ಕುಡಿಯುವ ಶುದ್ಧ ಮದ್ಯ. ಯಕೃತ್ತು ಇದನ್ನು ಮೊದಲು ಅರಗಿಸಲು ತೊಡಗುತ್ತದೆ, ಅದು ಹಿಂದುಳಿಯುತ್ತದೆ. ವೈದ್ಯರು ನನ್ನ ಕೈಗೆ ಚೀಟಿ ಕೊಟ್ಟು ಕ್ಲಬ್ಬಿಗೆ ಓಡಿಸಿದರು. ಮಳೆಯಲ್ಲಿ ಗುಡ್ಡ ಹತ್ತಿ, ಕಾವಲುಗಾರನನ್ನು ಎಬ್ಬಿಸಿ, ಎರಡು ಬಾಟಲು ಬ್ರಾಂದಿಯನ್ನು ಎದೆಗೆ ಅವಚಿಕೊಂಡು ನಾನು ಇಳಿದುಬಂದೆ. ಜೀವಮಾನದಲ್ಲಿ ನಾನು ಮದ್ಯದ ಬಾಟಲು ಮುಟ್ಟಿದ್ದು ಅದೊಂದೇ ಸಲ.

ಒಬ್ಬಾತ ಬೆಳಗಿನ ಜಾವಕ್ಕೆ ತೀರಿಕೊಂಡ. ಇನ್ನೊಬ್ಬ ಚೇತರಿಸಿಕೊಂಡ. ಆ ಹುಡುಗ ಬದುಕಿದ, ದೃಷ್ಟಿ ಬರಲಿಲ್ಲ. ಅವನನ್ನು ಊರಿಗೆ ಕರೆದುಕೊಂಡು ಹೋಗಲು ಅಣ್ಣ ಬಂದಾಗ ನಾನು ಬಸ್ಸಿನವರೆಗೂ ಹೋಗಿದ್ದೆ. ಅರ್ಜಿ ಬರೆದವನು ನಾನೆಂದು ಅವನಿಗೆ ತಿಳಿದಿತ್ತೋ ಇಲ್ಲವೋ; ಬ್ರಾಂದಿ ತಂದವನು ನಾನೆಂದು ಯಾರೋ ಹೇಳಿದ್ದರು. ಕೈಮುಗಿದ, ನಾನು ನಿಂತಿದ್ದ ದಿಕ್ಕಿಗಲ್ಲ.

ಆಮೇಲಿನ ವರ್ಷಗಳಲ್ಲಿ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟವೇ ನಿಂತಿತು. ಆ ಹರಾಜುಗಳು ಹೋದವು; ಅಗ್ಗದ ವಿಸ್ಕಿ ಬ್ರಾಂದಿಗಳು ಆ ಸ್ಥಳಕ್ಕೆ ಬಂದವು. ತಮಿಳುನಾಡಿನಲ್ಲಿ 2003ರಿಂದ ಚಿಲ್ಲರೆ ಅಂಗಡಿಗಳನ್ನು ಸರ್ಕಾರದ ನಿಗಮವೇ ನಡೆಸುತ್ತಿದೆ. ಕಾರ್ಲೈಲಿನಂತೆಯೇ ಎಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಕಾರ್ಲೈಲಿನ ಸರ್ಕಾರ ಅಂಗಡಿ ಹಿಡಿದದ್ದು ಕಡಮೆ ಮಾರುವುದಕ್ಕೆ. ನಮ್ಮಲ್ಲಿ ಪ್ರತಿ ಮುಂಗಡಪತ್ರದಲ್ಲಿಯೂ ಅಬಕಾರಿ ವರಮಾನಕ್ಕೆ ಹಿಂದಿನ ವರ್ಷಕ್ಕಿಂತ ದೊಡ್ಡದೊಂದು ಗುರಿ ಬರೆದಿಡುತ್ತೇವೆ. ಆ ಗುರಿಯನ್ನು ಬರೆಯುವ ಕೈಯೇ ನಿಯಂತ್ರಣದ ನಿಯಮವನ್ನೂ ಬರೆಯುವುದು ನನಗೇಕೋ ಸರಿಯೆನಿಸುವುದಿಲ್ಲ.

ಪಶ್ಚಿಮ ಆಸ್ಟ್ರೇಲಿಯದ ಕಬ್ಬಿಣದ ಗಣಿಗಳಿಗೆ ಇಂದಿಗೂ ಕೆಲಸಗಾರರು ವಿಮಾನದಲ್ಲಿ ಹೋಗಿ ವಾರಗಟ್ಟಲೆ ಬಿಡಾರಗಳಲ್ಲಿದ್ದು ಹಿಂದಿರುಗುತ್ತಾರೆ. ಅಲ್ಲಿನ ಪರವಾನಗಿ ಪಡೆದ ಪಾನಶಾಲೆಗೆ ‘ವೆಟ್ ಮೆಸ್’ ಎಂದು ಹೆಸರು. ಆ ಬಿಡಾರಗಳಲ್ಲಿ ಹೆಂಗಸರ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನು ಕುರಿತು ಅಲ್ಲಿನ ಶಾಸನಸಭೆಯ ಸಮಿತಿಯೊಂದು 2022ರಲ್ಲಿ ವರದಿ ಕೊಟ್ಟಿತು. ಇನ್ನು ಸಾಕು ಎಂಬರ್ಥದ ಶೀರ್ಷಿಕೆ ಅದಕ್ಕೆ. ಕುಡಿತದ ಪಾತ್ರವೂ ಆ ವಿಚಾರಣೆಯಲ್ಲಿ ಚರ್ಚೆಗೆ ಬಂದಿತು. ಒಬ್ಬನಿಗೆ ದಿನಕ್ಕೆ ಇಷ್ಟೇ ಎಂಬ ಮಿತಿಯನ್ನು ಕಂಪೆನಿಗಳು ಹಾಕತೊಡಗಿದವು. ಎಷ್ಟು ಗಂಟೆಗೆ, ಎಷ್ಟು ಲೋಟ, ಯಾರ ಬಾಗಿಲಿನಿಂದ ಎಷ್ಟು ದೂರ: ಮತ್ತೆ ಅದೇ ಚಿಲ್ಲರೆ ಪ್ರಶ್ನೆಗಳು.

ನನ್ನ ಹಳೆಯ ಕಾಗದಪತ್ರಗಳ ನಡುವೆ ಆ ಅರ್ಜಿಯ ಕಾರ್ಬನ್ ಪ್ರತಿ ಇನ್ನೂ ಇದೆ. ಈ ಭಾಷಣಕ್ಕಾಗಿ ಮೊನ್ನೆ ಅದನ್ನು ಹೊರತೆಗೆದೆ. ನೀಲಿ ಮಸುಕಾಗಿದೆ, ಆದರೂ ಓದಬಹುದು. ಮೂರು ಪುಟಗಳನ್ನೂ ಎರಡು ಸಲ ಓದಿದೆ. ಬಟವಾಡೆ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ; ಹಳ್ಳದ ಹೆಸರೂ ಇಲ್ಲ.